ತೆಂಗಿನಕಾಯಿ ಸೂರ್ಯ, ಸಾಸಿವೆ ಭೂಮಿ: ವರ್ಲಿಯಿಂದ ವಾಂಗಣಿವರೆಗೆ

ಈಗಿನ ಮಕ್ಕಳಿಗೆ ಬಾಹ್ಯಾಕಾಶದಲ್ಲಿ ಆಸಕ್ತಿ ಇಲ್ಲ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಇಳಿಯುವಾಗ ಮಾಟುಂಗಾದ ನಮ್ಮ ಹೋಟೆಲೊಂದರಲ್ಲಿ ನಾನಿದ್ದೆ. ಗಿರಾಕಿಗಳು, ಸಪ್ಲಾಯರ್‌ಗಳು, ಗಲ್ಲಾದ ಮೇಲೆ ಕೂತವರು, ಒಳಗಿಂದ ದೋಸೆ ಭಟ್ಟರು, ಎಲ್ಲರೂ ಟಿವಿ ಮುಂದೆ ಬಂದು ನಿಂತಿದ್ದರು. ಆಸಕ್ತಿ ಬೇಕಾದಷ್ಟಿದೆ. ಮಾರನೇ ದಿನ ಆ ಆಸಕ್ತಿಯನ್ನು ಎಲ್ಲಿಗೆ ಒಯ್ಯಬೇಕು ಅಂತ ಗೊತ್ತಿಲ್ಲ, ಅಷ್ಟೇ. ಮುಂಬಯಿ, ಪುಣೆಯಲ್ಲಿ ಇರುವ ನಮಗಂತೂ ಆ ಜಾಗಗಳು ಒಂದು ರೈಲಿನ ದೂರದಲ್ಲಿವೆ. ಮಕ್ಕಳ ಕೈಹಿಡಿದು ಕರೆದುಕೊಂಡು ಹೋಗುವವರು ಬೇಕು.

ಹಾಗಾಗಿ 2025ರ ಡಿಸೆಂಬರ್ ಎರಡನೇ ವಾರ ಹೊರಟೆವು. ಮಾಟುಂಗಾ, ಸಯನ್, ವಡಾಲಾ ಕಡೆಯ ಕನ್ನಡ ಮನೆಗಳ ಹೈಸ್ಕೂಲ್ ಮಕ್ಕಳು, ಕೆಲವರ ತಾಯಂದಿರು, ವಿಜ್ಞಾನ ಪಾಠ ಹೇಳುವ ನಾನು. ಜೊತೆಗೆ ಹೋಟೆಲಿನ ಶೆಟ್ರು. ಮೊಮ್ಮಗನನ್ನು ಬಿಟ್ಟು ಬರಲು ಬಂದವರು ತಾವೂ ಬರುತ್ತೇನೆ ಅಂದರು. ಅವರು ಬಂದದ್ದು ಎಷ್ಟು ಒಳ್ಳೆಯದಾಯಿತು ಅಂತ ಮುಂದೆ ಹೇಳುತ್ತೇನೆ.

ಗುರುವಾರ: ವರ್ಲಿ ಸೀ ಫೇಸ್

ಬೆಳಿಗ್ಗೆ ಏಳಕ್ಕೆ ಕಡಲ ಕಟ್ಟೆಯ ಮೇಲೆ ಸೇರಿದೆವು. ಶೆಟ್ರ ಹೋಟೆಲಿನ ಅಡುಗೆಮನೆಯಿಂದ ಒಂದು ದೊಡ್ಡ ಸುಲಿದ ತೆಂಗಿನಕಾಯಿ, ಸಾಸಿವೆ, ಕಾಳುಮೆಣಸು ಬಂದಿದ್ದವು. ಮಕ್ಕಳ ಬಳಿ ಗೋಲಿಗಳಿದ್ದವು. ಗಾರೆ ಕೆಲಸದವರ ಉದ್ದನೆಯ ಟೇಪು ಒಂದಿತ್ತು. ಸೌರಮಂಡಲವನ್ನು ಸಾವಿರ ಕೋಟಿ ಪಟ್ಟು ಚಿಕ್ಕದು ಮಾಡಿ ಕಟ್ಟೆಯ ಮೇಲೆ ಇಡುವುದು ನಮ್ಮ ಕೆಲಸ.

ಆ ಲೆಕ್ಕದಲ್ಲಿ ಸೂರ್ಯ 14 ಸೆಂಟಿಮೀಟರ್ ಅಗಲ. ಹೆಚ್ಚುಕಡಿಮೆ ತೆಂಗಿನಕಾಯಿ. ಭೂಮಿ ಒಂದು ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ, ಅಂದರೆ ಸಣ್ಣ ಸಾಸಿವೆ ಕಾಳು. ಎಲ್ಲಿ ಇಡಬೇಕು? ಮಕ್ಕಳು ತೆಂಗಿನಕಾಯಿ ಪಕ್ಕದಲ್ಲೇ ಇಡಲು ಹೊರಟರು. ಪುಸ್ತಕದ ಚಿತ್ರಗಳಲ್ಲಿ ಹಾಗೇ ಇರುತ್ತದೆ ಅಲ್ವಾ. ಟೇಪು ಹಿಡಿದು 15 ಮೀಟರ್ ನಡೆಯಿರಿ ಅಂದೆ. ನಡೆದರು. ಸಾಸಿವೆ ಇಟ್ಟು ಹಿಂದೆ ತಿರುಗಿ ನೋಡಿದರು. ಗುರು ಗ್ರಹ ಒಂದು ಗೋಲಿ, ಅದು 78 ಮೀಟರ್ ಆಚೆ. ಸ್ವಲ್ಪ ಚಿಕ್ಕ ಗೋಲಿ ಶನಿ, 143 ಮೀಟರ್. ಕೊನೆಯ ಕಾಳುಮೆಣಸು ನೆಪ್ಚೂನ್. ಅದನ್ನು ಹಿಡಿದುಕೊಂಡು ಇಬ್ಬರು ಹುಡುಗಿಯರು 450 ಮೀಟರ್ ನಡೆದುಹೋದರು. ಅಲ್ಲಿಂದ ಫೋನ್ ಮಾಡಿ, "ಟೀಚರ್, ಇಲ್ಲಿಂದ ಸೂರ್ಯ ಕಾಣುವುದೇ ಇಲ್ಲ" ಅಂದರು.

ಚಂದ್ರನಿಗೆ ಏನೂ ಸಿಗಲಿಲ್ಲ, ಸಾಸಿವೆಯ ಚೂರೂ ದೊಡ್ಡದಾಯಿತು. ಒಂದು ರವೆ ಕಾಳು ಇಟ್ಟೆವು, ಸಾಸಿವೆಯಿಂದ 4 ಸೆಂಟಿಮೀಟರ್ ದೂರ. ಮನುಷ್ಯರು ಇದುವರೆಗೆ ಕಾಲಿಟ್ಟಿರುವುದು ಆ ನಾಲ್ಕು ಸೆಂಟಿಮೀಟರ್ ಒಳಗೆ. ನಮ್ಮ ಆದಿತ್ಯ-ಎಲ್1 ನೌಕೆ ಸೂರ್ಯನನ್ನು ನೋಡುತ್ತಾ ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿದೆ. ಇಲ್ಲಿ ಅದು ಸಾಸಿವೆಯಿಂದ 15 ಸೆಂಟಿಮೀಟರ್, ಒಂದು ಗೇಣೂ ಆಗಲಿಲ್ಲ. ಹತ್ತನೇ ಕ್ಲಾಸಿನ ಹುಡುಗನೊಬ್ಬ ಬೆರಳು ಚಾಚಿ ಅಳೆದು, ಮತ್ತೆ ತೆಂಗಿನಕಾಯಿಯ ಕಡೆ ನೋಡಿ, ಹಾಗಾದರೆ ಸೂರ್ಯನ ಹತ್ತಿರ ಹೋಗಿಲ್ಲವೇ ಅಂತ ಕೇಳಿದ. ಹೋಗಿಲ್ಲ. ಹತ್ತಿರ ಹೋಗುವುದು ಅದರ ಕೆಲಸವಲ್ಲ. ಭೂಮಿ ಅಡ್ಡ ಬರದೆ ಸೂರ್ಯನನ್ನು ಹಗಲಿರುಳೂ ನೋಡಲು ಆಗುವ ಜಾಗ ಅದು. ಸೂರ್ಯ ಮತ್ತು ಭೂಮಿಯ ಎಳೆತ ಅಲ್ಲಿ ಹೊಂದಿಕೆಯಾಗಿರುವುದರಿಂದ ಭೂಮಿಯ ಜೊತೆಜೊತೆಗೇ ಸೂರ್ಯನನ್ನು ಸುತ್ತುತ್ತದೆ, ಇಂಧನವೂ ಕಡಿಮೆ ಸಾಕು.

1977ರಲ್ಲಿ ಹೊರಟ ವಾಯೇಜರ್-1 ನೌಕೆ ಈ ಲೆಕ್ಕದಲ್ಲಿ ಈಗ ಸುಮಾರು ಎರಡೂವರೆ ಕಿಲೋಮೀಟರ್ ದೂರ. ಹಾಜಿ ಅಲಿ ಕಡೆಗೆ ಅರ್ಧ ಗಂಟೆ ನಡೆಯಬೇಕು. ಸೂರ್ಯನಂಥ ಇನ್ನೊಂದು ನಕ್ಷತ್ರ, ಅಂದರೆ ಮುಂದಿನ ತೆಂಗಿನಕಾಯಿ? ಸುಮಾರು 4,000 ಕಿಲೋಮೀಟರ್. ಸಿಂಗಪುರದಲ್ಲಿ ಇಡಬೇಕು.

ಈ ಹೊತ್ತಿಗೆ ನಾವು ಒಬ್ಬರೇ ಇರಲಿಲ್ಲ. ಬೆಳಗಿನ ವಾಕಿಂಗಿಗೆ ಬಂದವರು ನಿಂತು ಕೇಳತೊಡಗಿದ್ದರು. ಮರಾಠಿ ಅಜ್ಜಿಯೊಬ್ಬರು ಸಾಸಿವೆಯ ಮುಂದೆ ಬಗ್ಗಿ, ಇದರಲ್ಲಿ ಮುಂಬಯಿ ಎಲ್ಲಿ ಅಂತ ಕೇಳಿದರು. ಎಂಟನೇ ಕ್ಲಾಸಿನ ಹುಡುಗಿ ಮರಾಠಿಯಲ್ಲೇ ಅವರಿಗೆ ಎಲ್ಲ ಹೇಳಿದಳು. ಸಾವಿರ ಕೋಟಿ, 15 ಮೀಟರ್, ಸಿಂಗಪುರ, ಒಂದೂ ಬಿಡಲಿಲ್ಲ. ಅರ್ಧ ಗಂಟೆ ಹಿಂದೆ ಅವಳಿಗೂ ಇದು ಹೊಸದು. ಎಳನೀರಿನವನು ಗಾಡಿ ಬಿಟ್ಟು ಬಂದು ತನ್ನ ಎಳನೀರನ್ನು ಸೂರ್ಯನ ಪಕ್ಕ ಇಟ್ಟು ನೋಡಿದ. ಸಾರ್ವಜನಿಕರನ್ನು ವಿಜ್ಞಾನದ ಕಡೆ ಎಳೆಯುವುದು ಹೇಗೆ ಅಂತ ಸಭೆ ಮಾಡುವವರು ಒಂದು ಬೆಳಿಗ್ಗೆ ಇಲ್ಲಿಗೆ ಬಂದು ನಿಲ್ಲಬೇಕು. ಖರ್ಚು ಒಂದು ತೆಂಗಿನಕಾಯಿ. ಅದೂ ಆಮೇಲೆ ಚಟ್ನಿಗಾಯಿತು.

ಅಲ್ಲಿಂದ ನೆಹರೂ ವಿಜ್ಞಾನ ಕೇಂದ್ರ ಹತ್ತಿರ. 1985ರಲ್ಲಿ ಶುರುವಾದದ್ದು. ದೊಡ್ಡ ಗೋಳದ ಮೇಲೆ ಭೂಮಿಯ ಮೋಡಗಳು, ಮಂಗಳದ ನೆಲ ಮೂಡಿಸಿ ತೋರಿಸುವ ಪ್ರದರ್ಶನ ಮಕ್ಕಳಿಗೆ ತುಂಬ ಹಿಡಿಸಿತು. ಮುಂಬಯಿಯಲ್ಲಿದ್ದೂ ನೋಡದವರು ಒಮ್ಮೆ ಹೋಗಿ ಬನ್ನಿ.

ಸಂಜೆ 5.10ಕ್ಕೆ ಸಿಎಸ್ಎಂಟಿಯಿಂದ ಡೆಕ್ಕನ್ ಕ್ವೀನ್. ಕಲ್ಯಾಣ ಹತ್ತಿರವಾದಾಗ ಮಕ್ಕಳನ್ನು ಕಿಟಕಿಗೆ ಕರೆದೆ. ಅಲ್ಲಿ ಈಗ ನೋಡಲು ಏನೂ ಇಲ್ಲ. ಆದರೆ ನಮ್ಮ ದೇಶದ ಮೊದಮೊದಲ ರೇಡಿಯೊ ದೂರದರ್ಶಕಗಳಲ್ಲಿ ಒಂದು 1965ರಲ್ಲಿ ನಿಂತದ್ದು ಇದೇ ಕಲ್ಯಾಣದಲ್ಲಿ. ಆಸ್ಟ್ರೇಲಿಯಾದವರು ಕೊಟ್ಟ 32 ಸಣ್ಣ ತಟ್ಟೆಗಳನ್ನು ಸಾಲಾಗಿ ಜೋಡಿಸಿ ಸೂರ್ಯನಿಂದ ಬರುವ ರೇಡಿಯೊ ಅಲೆಗಳನ್ನು ಹಿಡಿದರು. ಕಟ್ಟಿದ ತಂಡದ ಮುಂದಾಳು ಗೋವಿಂದ ಸ್ವರೂಪ್. ಹೋಮಿ ಭಾಭಾ ಅವರ ಕರೆಗೆ ಓಗೊಟ್ಟು 1963ರಲ್ಲಿ ಅಮೆರಿಕ ಬಿಟ್ಟು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಬಂದವರು. ನಾಳೆ ನಾವು ನೋಡಲಿರುವುದೂ ಅವರದ್ದೇ ಕನಸು.

ಘಾಟಿ ಹತ್ತುವಾಗ ಶೆಟ್ರು ಮಾತಿಗೆ ಕೂತರು. "ಟೀಚರೇ, ಯು.ಆರ್. ರಾವ್ ಅಂದರೆ ನಮ್ಮ ಅದಮಾರಿನವರು. ನಮ್ಮ ಮನೆಯಿಂದ ಎಂತ ದೂರ ಮಾರಾಯ್ರೆ, ನಡೆದು ಹೋಗುವಷ್ಟೆ. ಇದು ಈ ಮಕ್ಕಳಿಗೆ ಗೊತ್ತುಂಟಾ?" ಗೊತ್ತಿರಲಿಲ್ಲ. ಅವರೇ ಹೇಳಿದರು. 1932ರಲ್ಲಿ ಅದಮಾರಿನಲ್ಲಿ ಹುಟ್ಟಿದ ಹುಡುಗ, ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ತಂಡ ಕಟ್ಟಿ, ದೇಶದ ಮೊದಲ ಉಪಗ್ರಹ ಆರ್ಯಭಟವನ್ನು ಮಾಡಿದ ಕಥೆ. 360 ಕಿಲೋ ತೂಕದ ಅದು ಸೋವಿಯತ್ ನೆಲದಿಂದ ಹಾರಿದ್ದು 1975ರ ಏಪ್ರಿಲ್ 19ರಂದು. ಶೆಟ್ರು ಆಗ ಮುಂಬಯಿಯ ಕೋಟೆ (ಫೋರ್ಟ್) ಕಡೆಯ ಹೋಟೆಲಿನಲ್ಲಿ ಟೇಬಲ್ ಒರೆಸುತ್ತಾ ರಾತ್ರಿ ಶಾಲೆಗೆ ಹೋಗುತ್ತಿದ್ದ ಹುಡುಗ. ಸುದ್ದಿಯನ್ನು ಮೇಷ್ಟ್ರು ತರಗತಿಯಲ್ಲಿ ಓದಿ ಹೇಳಿದ್ದರಂತೆ. ಮೊಮ್ಮಗ ಅಜ್ಜನನ್ನು ಬಾಯಿಬಿಟ್ಟು ನೋಡುತ್ತಿದ್ದ. ನಾನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದರೂ ಹೀಗೆ ನಾಟುತ್ತಿರಲಿಲ್ಲ.

ಶುಕ್ರವಾರ: ಖೋಡದ

ಪುಣೆಯಿಂದ ನಾಸಿಕ ರಸ್ತೆಯಲ್ಲಿ ಸುಮಾರು 80 ಕಿಲೋಮೀಟರ್. ಮೊದಲೇ ಅನುಮತಿ ಪಡೆದಿದ್ದೆವು. ಮಿನಿಬಸ್ಸಿನ ಡ್ರೈವರ್ ಜಮಖಂಡಿಯವರು, ಪುಣೆಗೆ ಬಂದು ಬಹಳ ವರ್ಷವಾಗಿದೆ. ಕನ್ನಡ ಕೇಳಿ ಖುಷಿಯಾದರು. ಚಾಕಣದ ಟ್ರಾಫಿಕ್ಕು ದಾಟಿ, ನಾರಾಯಣಗಾಂವ್ ಬಿಟ್ಟು ಒಳರಸ್ತೆಗೆ ಹೊರಳಿದ ಮೇಲೆ ದ್ರಾಕ್ಷಿ ತೋಟ, ಟೊಮೆಟೊ ಹೊಲಗಳ ನಡುವೆ ಮೊದಲ ತಟ್ಟೆ ಕಾಣಿಸಿತು. ಆಮೇಲೆ ಇನ್ನೊಂದು. ಬಸ್ಸೊಳಗೆ ಗಲಾಟೆಯೋ ಗಲಾಟೆ.

ಇದು ಜಿಎಂಆರ್‌ಟಿ, ದೈತ್ಯ ಮೀಟರ್ ಅಲೆ ರೇಡಿಯೊ ದೂರದರ್ಶಕ. ಒಟ್ಟು 30 ತಟ್ಟೆಗಳು. ಒಂದೊಂದೂ 45 ಮೀಟರ್ ಅಗಲ, ಹದಿನೈದು ಅಂತಸ್ತಿನ ಕಟ್ಟಡವನ್ನು ಅಡ್ಡ ಮಲಗಿಸಿದಷ್ಟು. 14 ತಟ್ಟೆ ನಡುವೆ ಒತ್ತಾಗಿವೆ. ಉಳಿದ 16 ಮೂರು ದಿಕ್ಕಿಗೆ ಕವಲಾಗಿ ಹರಡಿವೆ. ಈ ತುದಿಯಿಂದ ಆ ತುದಿಗೆ 25 ಕಿಲೋಮೀಟರ್. ಎಲ್ಲ ತಟ್ಟೆಗಳು ಹಿಡಿದದ್ದನ್ನು ಕೇಬಲಿನಲ್ಲಿ ಒಂದೇ ಕಡೆಗೆ ತಂದು ಕೂಡಿಸಿದರೆ, 25 ಕಿಲೋಮೀಟರ್ ಅಗಲದ ಒಂದೇ ದೂರದರ್ಶಕ ನೋಡಿದಷ್ಟು ಸೂಕ್ಷ್ಮವಾಗಿ ನೋಡಬಹುದು. ಅಷ್ಟು ದೊಡ್ಡದನ್ನು ಯಾರೂ ಕಟ್ಟಲಾರರು. ಹೀಗೆ ಹರಡಿ, ಲೆಕ್ಕದಿಂದ ಜೋಡಿಸಬಹುದು.

ಒಳಗೆ ಹೋಗುವ ಮೊದಲು ಎಲ್ಲರೂ ಮೊಬೈಲ್ ಆಫ್ ಮಾಡಬೇಕು. ಯಾಕೆ ಅಂತ ಮಕ್ಕಳಿಗೆ ಹೇಳಬೇಕಾಗಿಯೇ ಬರಲಿಲ್ಲ. ದೂರದ ಗ್ಯಾಲಕ್ಸಿಯಿಂದ ಬರುವ ಅಲೆ ಅಷ್ಟು ಕ್ಷೀಣ, ಪಕ್ಕದಲ್ಲಿ ಒಂದು ಫೋನು ಮಾತಾಡಿದರೂ ಅದರ ಮುಂದೆ ಕಿರುಚಿದ ಹಾಗೆ.

ಒಂದು ತಟ್ಟೆಯ ಹತ್ತಿರ ಹೋಗಿ ನಿಂತೆವು. ಬುಡದಿಂದ ಕತ್ತೆತ್ತಿ ನೋಡಿದರೆ ತಟ್ಟೆಯ ಮೂಲಕವೇ ನೀಲಿ ಆಕಾಶ ಕಾಣುತ್ತದೆ. ಅದು ತಗಡಲ್ಲ, ಬಲೆ. ಅರ್ಧ ಮಿಲಿಮೀಟರಿನಷ್ಟು ತೆಳ್ಳಗಿನ ಸ್ಟೀಲ್ ತಂತಿಯನ್ನು ಸೊಳ್ಳೆಪರದೆಯ ಹಾಗೆ ಹೆಣೆದಿದ್ದಾರೆ. ಕಣ್ಣುಗಳು 10ರಿಂದ 20 ಮಿಲಿಮೀಟರ್. ಇದರಲ್ಲಿ ತೂತು ಇದೆಯಲ್ಲ, ಅಲೆ ಸೋರಿಹೋಗುವುದಿಲ್ಲವೇ ಅಂತ ಹುಡುಗನೊಬ್ಬ ಕೇಳಿದ. ನಮಗೆ ತೋರಿಸುತ್ತಿದ್ದವರಿಗೆ ಆ ಪ್ರಶ್ನೆ ಬಹಳ ಇಷ್ಟವಾಯಿತು. ಇಲ್ಲಿ ಹಿಡಿಯುವ ಅಲೆಗಳ ಉದ್ದ ಸುಮಾರು 20 ಸೆಂಟಿಮೀಟರಿನಿಂದ ಹಲವು ಮೀಟರ್. ಅಷ್ಟು ಉದ್ದದ ಅಲೆಗೆ ಒಂದೆರಡು ಸೆಂಟಿಮೀಟರಿನ ತೂತು ಲೆಕ್ಕಕ್ಕೇ ಇಲ್ಲ, ಗೋಡೆಗೆ ಬಡಿದಂತೆ ವಾಪಸ್ ಬರುತ್ತದೆ. ಗಾಳಿ ಮಾತ್ರ ತೂರಿಹೋಗುತ್ತದೆ. ಅದರಿಂದಾಗಿ ತಟ್ಟೆ ಹಗುರ, ಹೊರುವ ಕಬ್ಬಿಣ ಕಡಿಮೆ, ಖರ್ಚೂ ಕಡಿಮೆ. ಬಲೆಯನ್ನು ಹಿಂದಿನಿಂದ ಹಗ್ಗದಂಥ ತಂತಿಗಳು ಎಳೆದು ಹಿಡಿದು ಬಟ್ಟಲಿನ ಆಕಾರಕ್ಕೆ ತರುತ್ತವೆ. ದುಡ್ಡು ಕಡಿಮೆ ಇರುವ ದೇಶ ದೊಡ್ಡದನ್ನು ಹೇಗೆ ಕಟ್ಟಬೇಕು ಅಂತ ಕೂತು ಯೋಚಿಸಿದವರ ಬುದ್ಧಿ ಇದು. ಸ್ವರೂಪ್ ಅವರು ಇದಕ್ಕೂ ಮೊದಲು ಊಟಿಯಲ್ಲಿ ಇಂಥದೇ ಒಂದು ಕೆಲಸ ಮಾಡಿದ್ದರು. ಊಟಿ ಭೂಮಧ್ಯರೇಖೆಯಿಂದ 11 ಡಿಗ್ರಿ ಉತ್ತರಕ್ಕಿದೆ. ಅಷ್ಟೇ ಇಳಿಜಾರು ಇರುವ ಗುಡ್ಡ ಹುಡುಕಿ, 530 ಮೀಟರ್ ಉದ್ದದ ದೂರದರ್ಶಕವನ್ನು ಅದರ ಮೇಲೆ ಮಲಗಿಸಿದರು. ಹಾಗೆ ಅದರ ಅಚ್ಚು ಭೂಮಿಯ ಅಚ್ಚಿಗೆ ಸಮಾನಾಂತರವಾಗುವುದರಿಂದ, ಆ ಒಂದೇ ಅಚ್ಚಿನ ಮೇಲೆ ತಿರುಗಿದರೂ ಗಂಟೆಗಟ್ಟಲೆ ಒಂದೇ ನಕ್ಷತ್ರವನ್ನು ಹಿಂಬಾಲಿಸುತ್ತದೆ.

ನಾವು ನಿಂತಿದ್ದಾಗಲೇ ತಟ್ಟೆ ತಿರುಗತೊಡಗಿತು. ನಿಧಾನ. ದೂರದ ತಟ್ಟೆಗಳೂ ಅದೇ ಕಡೆಗೆ ಹೊರಳಿದವು. ಡ್ರೈವರ್ ನನ್ನ ಪಕ್ಕ ಬಂದು, "ಮೇಡಂ, ಇದು ಮಳಿ ಬರೋದು ಹೇಳ್ತೈತೇನ್ರಿ?" ಅಂದರು. ಒಳ್ಳೆಯ ಪ್ರಶ್ನೆ. ಊರಲ್ಲಿ ಅವರ ಅಣ್ಣನಿಗೆ ಕಬ್ಬಿನ ಹೊಲ ಇದೆ. ಇದು ಮಳೆ ಹೇಳುವುದಿಲ್ಲ, ಇದು ಏನನ್ನೂ ಕಳಿಸುವುದೇ ಇಲ್ಲ, ಬರೀ ಕೇಳಿಸಿಕೊಳ್ಳುತ್ತದೆ ಅಂದೆ. ಮೋಡದ ಚಿತ್ರ ಕಳಿಸುವುದು ಮೇಲಿರುವ ಇನ್ಸಾಟ್ ಉಪಗ್ರಹಗಳು, ಇನ್ಸಾಟ್-3ಡಿಎಸ್ ಅಂತ ಒಂದು 2024ರಲ್ಲಿ ಹೋಗಿದೆ ಅಂತ ವಿವರಿಸಿದೆ. ಅವರು ಬಿಡಲಿಲ್ಲ. ಹಾಗಾದರೆ ಇದು ಏನು ಕೇಳುತ್ತದೆ? ಹೈಡ್ರೋಜನ್ ಮೋಡಗಳನ್ನು, ಸತ್ತ ನಕ್ಷತ್ರಗಳನ್ನು. ಸತ್ತದ್ದು ಹೇಗೆ ಸದ್ದು ಮಾಡುತ್ತದೆ? ಅಲ್ಲಿಂದ ಪಲ್ಸಾರ್ ಕಥೆ ಶುರು. ಊರಷ್ಟು ಅಗಲದ ಉಂಡೆ, ತೂಕ ಸೂರ್ಯನಿಗಿಂತ ಜಾಸ್ತಿ, ತಿರುಗುತ್ತಾ ತಿರುಗುತ್ತಾ ನಮ್ಮ ಕಡೆಗೆ ರೇಡಿಯೊ ಮಿಡಿತ ಕಳಿಸುತ್ತದೆ. ವೇಲಾ ಅನ್ನುವುದು ಸೆಕೆಂಡಿಗೆ 11 ಸುತ್ತು. ಮಕ್ಕಳು ಬಸ್ಸಿನ ತಗಡಿನ ಮೇಲೆ ಸೆಕೆಂಡಿಗೆ ಹನ್ನೊಂದು ಸಲ ಬಡಿಯಲು ನೋಡಿ ಕೈಸೋತರು. ಇಂಥ ಮಿಡಿತಗಳನ್ನು ವರ್ಷಗಟ್ಟಲೆ ಗಡಿಯಾರದಂತೆ ಬಳಸಿ ಗುರುತ್ವ ಅಲೆಗಳ, ಅಂದರೆ ಭಾರೀ ಕಾಯಗಳು ಸುತ್ತುವಾಗ ಜಾಗದಲ್ಲೇ ಏಳುವ ಅಲೆಗಳ, ಸುಳಿವು ಸಿಕ್ಕಿದೆ ಅಂತ 2023ರಲ್ಲಿ ಲೋಕಕ್ಕೆ ಹೇಳಿದವರಲ್ಲಿ ಈ ತಟ್ಟೆಗಳನ್ನು ಬಳಸುವ ತಂಡವೂ ಇತ್ತು.

ಇನ್ನೊಂದು ಕಥೆ ಮಕ್ಕಳು ದಾರಿಯುದ್ದಕ್ಕೂ ಮಾತಾಡಿದರು. 2016ರ ಅಕ್ಟೋಬರ್ 19ರಂದು ಯುರೋಪಿನ ಸ್ಕಿಯಾಪರೆಲ್ಲಿ ಅನ್ನುವ ನೌಕೆ ಮಂಗಳಕ್ಕೆ ಇಳಿಯುತ್ತಿತ್ತು. ಅಷ್ಟು ದೂರದಿಂದ ಬಂದ ಅದರ ಸಣ್ಣ ದನಿಯನ್ನು ಖೋಡದದ ಈ ತಟ್ಟೆಗಳು ಹಿಡಿದವು. ನೆಲ ಮುಟ್ಟುವ ಸ್ವಲ್ಪ ಮೊದಲು ದನಿ ನಿಂತುಹೋಯಿತು. ನೌಕೆ ಮಂಗಳಕ್ಕೆ ಅಪ್ಪಳಿಸಿತ್ತು.

ರಾತ್ರಿ ಪುಣೆಯಲ್ಲಿ ಊಟವಾದ ಮೇಲೆ ಪೆಟ್ಟಿಗೆ ಕೆಲಸ. ಖಾಲಿ ಮಿಠಾಯಿ ಡಬ್ಬಿ, ಹಳೆ ಸಿಡಿಯ ಒಂದು ತುಂಡು, ಬೆಳಕು ಬರಲು ಎರಡು ಬ್ಲೇಡಿನ ನಡುವೆ ಕೂದಲೆಳೆಯಷ್ಟು ಸಂದು. ಸಂದನ್ನು ದೀಪದ ಕಡೆ ಹಿಡಿದು ಇನ್ನೊಂದು ತೂತಿನಿಂದ ಸಿಡಿಯನ್ನು ನೋಡಬೇಕು. ಹಳೇ ಬಲ್ಬಿನ ಬೆಳಕು ಎಲ್ಲೂ ತುಂಡಾಗದ ಬಣ್ಣದ ಪಟ್ಟಿ. ಟ್ಯೂಬ್‌ಲೈಟಿನದು ಬೇರೆ, ಹಸಿರು, ನೇರಳೆ ಗೆರೆಗಳು ಬಿಡಿಬಿಡಿಯಾಗಿ ಎದ್ದು ಕಾಣುತ್ತವೆ. ಒಳಗಿರುವ ಪಾದರಸದ ಗುರುತು ಅದು. ಮುಟ್ಟಲಾಗದ ನಕ್ಷತ್ರದಲ್ಲಿ ಏನಿದೆ ಅಂತ ತಿಳಿಯುವುದೂ ಹೀಗೇ ಅಂದಾಗ ಡಬ್ಬಿ ಕೈಯಿಂದ ಕೈಗೆ ಓಡಾಡಿತು.

ಆಗ ಡ್ರೈವರಿಗೆ ಅಂತಲೇ ಒಂದು ವಿಷಯ ಹೇಳಿದೆ. 1868ರ ಆಗಸ್ಟ್ 18ರಂದು ಪೂರ್ಣ ಸೂರ್ಯಗ್ರಹಣ ನಮ್ಮ ದೇಶದ ಮೇಲೆ ಹಾದುಹೋಯಿತು. ಸೂರ್ಯನ ಅಂಚಿನಲ್ಲಿ ಏಳುವ ಬೆಂಕಿಯ ನಾಲಿಗೆಗಳ ಬೆಳಕನ್ನು ಮೊದಲ ಸಲ ಹೀಗೆ ಬಿಡಿಸಿ ನೋಡಿದ್ದು ಆವತ್ತು. ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ಇದ್ದರು. ಜಮಖಂಡಿಯಲ್ಲಿ ಜಾನ್ ಹರ್ಷೆಲ್ ಅನ್ನುವ ಅಧಿಕಾರಿ ಉಪಕರಣ ಹೂಡಿ ಕಾದಿದ್ದರು. ಆ ಕಾಲದ ಇಂಥ ಹುಡುಕಾಟದಲ್ಲಿ ಸಿಕ್ಕ ಒಂದು ಹಳದಿ ಗೆರೆಯಿಂದಲೇ ಹೀಲಿಯಂ ಇದೆ ಅಂತ ತಿಳಿದದ್ದು. ಭೂಮಿಯ ಮೇಲೆ ಅದು ಸಿಕ್ಕಿದ್ದು 1895ರಲ್ಲಿ.

"ನಮ್ಮ ಜಮಖಂಡ್ಯಾಗೇನ್ರೀ?" ಅಂದರು. "ನಮಗ್ಯಾರೂ ಇದನ್ನ ಹೇಳೇ ಇಲ್ಲಲ್ರೀ."

ಡಬ್ಬಿಯನ್ನು ಅವರೇ ಇಟ್ಟುಕೊಂಡರು. ಊರಿನ ಶಾಲೆಯಲ್ಲಿ ಓದುವ ಅಣ್ಣನ ಮಗಳಿಗೆ ಅಂತ.

ಶನಿವಾರ: ಅಯೂಕಾ, ಆಮೇಲೆ ವಾಂಗಣಿ

ಪುಣೆ ವಿಶ್ವವಿದ್ಯಾಲಯದ ಆವರಣದಲ್ಲಿರುವ ಅಯೂಕಾ 1988ರಲ್ಲಿ ಶುರುವಾದ ಖಗೋಳ ಸಂಶೋಧನಾ ಕೇಂದ್ರ. ಕಟ್ಟಡದ ವಿನ್ಯಾಸ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರದು. ನಡುವಿನ ಕುಂಡದಂಥ ಅಂಗಳದಲ್ಲಿ ಆರ್ಯಭಟ, ಗೆಲಿಲಿಯೋ, ನ್ಯೂಟನ್, ಐನ್‌ಸ್ಟೈನ್ ಆಳೆತ್ತರಕ್ಕೆ ನಿಂತಿದ್ದಾರೆ. ಮಕ್ಕಳು ಅವರ ಪಕ್ಕ ಫೋಟೊ ತೆಗೆಸಿಕೊಂಡರು. ನನಗೆ ಅವರನ್ನು ಲೋಲಕದ ಮುಂದೆ ನಿಲ್ಲಿಸುವ ಆತುರ.

ಫೂಕೋ ಲೋಲಕ ಅಂದರೆ ಉದ್ದನೆಯ ತಂತಿಗೆ ಕಟ್ಟಿದ ಭಾರದ ಗುಂಡು. ಅತ್ತಿತ್ತ ತೂಗುತ್ತದೆ. ಸ್ವಲ್ಪ ಹೊತ್ತು ಕಾದರೆ ತೂಗುವ ದಿಕ್ಕು ನಿಧಾನವಾಗಿ ಬದಲಾಗುವುದು ಗೊತ್ತಾಗುತ್ತದೆ. ಗುಂಡನ್ನು ಯಾರೂ ತಿರುಗಿಸುತ್ತಿಲ್ಲ. ತಿರುಗುತ್ತಿರುವುದು ನಾವು ನಿಂತ ನೆಲ. ಉತ್ತರ ಧ್ರುವದಲ್ಲಾದರೆ 24 ಗಂಟೆಯಲ್ಲಿ ಒಂದು ಸುತ್ತು. ಪುಣೆ 18.5 ಡಿಗ್ರಿ ಅಕ್ಷಾಂಶದಲ್ಲಿದೆ, ಇಲ್ಲಿ ಗಂಟೆಗೆ 4.8 ಡಿಗ್ರಿಯಷ್ಟೇ, ಪೂರ್ತಿ ಸುತ್ತಿಗೆ ಸುಮಾರು 75 ಗಂಟೆ ಬೇಕು. ಶೆಟ್ರ ಮೊಮ್ಮಗ ತಕ್ಷಣ, "ಉಡುಪಿಯಲ್ಲಿ ಕಟ್ಟಿದರೆ?" ಅಂದ. ನಾನು ಉತ್ತರ ಹೇಳಲಿಲ್ಲ. 24 ಗಂಟೆಯನ್ನು ಅಕ್ಷಾಂಶದ ಸೈನ್‌ನಿಂದ ಭಾಗಿಸಬೇಕು, ಸೈನ್ ಪಟ್ಟಿ ನೋಡಿ ನೀನೇ ಲೆಕ್ಕ ಹಾಕು ಅಂದೆ. ಅಲ್ಲೇ ಮೆಟ್ಟಿಲ ಮೇಲೆ ಕೂತು ಹಾಕಿದ. ಸುಮಾರು 104 ಗಂಟೆ. ಭೂಮಧ್ಯರೇಖೆಯಲ್ಲಾದರೆ ಎಷ್ಟು ಅಂತ ಪಕ್ಕದ ಹುಡುಗಿ ಕೇಳಿದಳು. ಸೊನ್ನೆಯಿಂದ ಭಾಗಿಸಬೇಕಾಗಿ ಬಂತು, ಇಬ್ಬರೂ ನಿಂತರು. ಅಲ್ಲಿ ಅದು ತಿರುಗುವುದೇ ಇಲ್ಲ ಅಂತ ತಾವೇ ಕಂಡುಕೊಂಡರು. ತ್ರಿಕೋನಮಿತಿ ಯಾಕೆ ಕಲಿಯಬೇಕು ಅಂತ ಕೇಳುವ ಮಕ್ಕಳಿವರು.

ಗುರುವಾರ ಬೆಳಿಗ್ಗೆ ವರ್ಲಿ ಕಟ್ಟೆಯ ಮೇಲೆ ಗೇಣಿನಲ್ಲಿ ಅಳೆದ ಆದಿತ್ಯ-ಎಲ್1 ನೆನಪಿದೆಯಲ್ಲ. ಅದರೊಳಗಿನ ಸ್ಯೂಟ್ ಅನ್ನುವ ದೂರದರ್ಶಕ ರೂಪುಗೊಂಡಿದ್ದು ಅಯೂಕಾದವರ ಮುಂದಾಳುತನದಲ್ಲಿ. ಸೂರ್ಯನ ಅತಿನೇರಳೆ ಬೆಳಕನ್ನು ಅದು ನೋಡುತ್ತದೆ. ಆ ಬೆಳಕಿನ ಬಹುಪಾಲನ್ನು ನಮ್ಮ ಓಝೋನ್ ಪದರ ತಡೆಯುವುದರಿಂದ ನೆಲದಿಂದ ಅದನ್ನು ನೋಡಲು ಆಗುವುದಿಲ್ಲ. ಈ ಊರಿನಲ್ಲಿ ಕೂತು ಮಾಡಿದ್ದು ಅಂತ ಹೇಳಿದಾಗ ಮಕ್ಕಳ ಮುಖ ನೋಡಬೇಕಿತ್ತು.

ಅಯೂಕಾ ಕಟ್ಟಿದ ಜಯಂತ ನಾರಳೀಕರ್ 2025ರ ಮೇ 20ರಂದು ತೀರಿಕೊಂಡರು. ಅವರ ಒಂದು ಅಭ್ಯಾಸ ನನಗೆ ತುಂಬ ದೊಡ್ಡದಾಗಿ ಕಾಣುತ್ತದೆ. ಮಕ್ಕಳು ಹಸ್ತಾಕ್ಷರ ಕೇಳಿದರೆ ಕೊಡುತ್ತಿರಲಿಲ್ಲ. ಒಂದು ಪೋಸ್ಟ್ ಕಾರ್ಡಿನಲ್ಲಿ ವಿಜ್ಞಾನದ ಪ್ರಶ್ನೆ ಬರೆದು ಕಳಿಸು, ಉತ್ತರದ ಕೆಳಗೆ ಸಹಿ ಇರುತ್ತದೆ ಅನ್ನುತ್ತಿದ್ದರು. ವಿಶ್ವದ ಹುಟ್ಟಿನ ಬಗ್ಗೆ ಕೇಂಬ್ರಿಜ್‌ನಲ್ಲಿ ಖಗೋಳ ವಿಜ್ಞಾನಿ ಫ್ರೆಡ್ ಹಾಯ್ಲ್ ಜೊತೆ ಕೆಲಸ ಮಾಡಿದವರು, ಹಳ್ಳಿ ಹುಡುಗನ ಕಾರ್ಡಿಗೆ ಕೂತು ಉತ್ತರ ಬರೆಯುತ್ತಿದ್ದರು. ಶಾಲಾ ಮಕ್ಕಳಿಗೆ ಎರಡನೇ ಶನಿವಾರದ ಉಪನ್ಯಾಸಗಳು, ಕಸದಿಂದ ಆಟಿಕೆ ಮಾಡಿ ವಿಜ್ಞಾನ ಕಲಿಸಿದ ಅರವಿಂದ ಗುಪ್ತಾ ವರ್ಷಗಟ್ಟಲೆ ಕೆಲಸ ಮಾಡಿದ ಮಕ್ಕಳ ಕೇಂದ್ರ, ಎಲ್ಲ ಇಲ್ಲಿಯದೇ. ನಿನ್ನೆಯ ಮಿಠಾಯಿ ಡಬ್ಬಿ ಆ ದಾರಿಯದು.

ತಿಲಕ ರಸ್ತೆಯ ಜ್ಯೋತಿರ್ವಿದ್ಯಾ ಪರಿಸಂಸ್ಥೆಗೂ ಹೋಗಬೇಕೆಂದಿತ್ತು, ಹೊತ್ತಾಯಿತು. 1944ರಿಂದ ಇರುವ ಹವ್ಯಾಸಿಗಳ ಸಂಘ ಅದು. ಪುಣೆ ಕನ್ನಡಿಗರು ಮಕ್ಕಳ ಜೊತೆ ಹೋಗಿ.

ಮಧ್ಯಾಹ್ನ ರೈಲು ಹತ್ತಿ ಕರ್ಜತ್‌ನಲ್ಲಿ ಇಳಿದು ಲೋಕಲ್ಲಿನಲ್ಲಿ ವಾಂಗಣಿಗೆ ಬಂದೆವು. ಮುಂಬಯಿಯ ಖಗೋಳ ಮಂಡಲದವರು ದಶಕಗಳಿಂದ ನಕ್ಷತ್ರ ತೋರಿಸಲು ಜನರನ್ನು ಕರೆತರುವ ಊರು. ಪರಿಚಯದವರ ತೋಟದಲ್ಲಿ ಚಾಪೆ ಹಾಸಿದೆವು. ಅಂದು ಜೆಮಿನಿಡ್ ಉಲ್ಕೆಗಳು ಹೆಚ್ಚು ಬೀಳುವ ರಾತ್ರಿ, ಚಂದ್ರನ ಕಾಟ ನಡುರಾತ್ರಿ ದಾಟುವವರೆಗೆ ಇರಲಿಲ್ಲ.

ಮೊದಲು ಶನಿ. ಆರಿಂಚಿನ ದೂರದರ್ಶಕಕ್ಕೆ ಕಣ್ಣಿಟ್ಟ ಹುಡುಗಿ, "ಬಳೆ ಎಲ್ಲಿ ಟೀಚರ್?" ಅಂದಳು. ಬಳೆ ಆ ವರ್ಷ ನಮಗೆ ಅಂಚು ತೋರಿಸಿ ನಿಂತಿತ್ತು, ಉಂಡೆಗೆ ಸೂಜಿ ಚುಚ್ಚಿದ ಹಾಗೊಂದು ಗೆರೆ ಮಾತ್ರ. ಪುಸ್ತಕದಲ್ಲಿ ಇರುವಂತೆ ಕಾಣದೆ ಇದ್ದುದೇ ಅವಳನ್ನು ಹಿಡಿದು ನಿಲ್ಲಿಸಿತು. ಮುಂದಿನ ವರ್ಷ ಹೇಗಿರುತ್ತದೆ, ಪೂರ್ತಿ ಯಾವಾಗ ತೆರೆಯುತ್ತದೆ ಅಂತ ಕೇಳುತ್ತಲೇ ಇದ್ದಳು. ಪ್ರತಿ ವರ್ಷ ಚಿತ್ರ ಬರೆದಿಡು ಅಂದೆ. ಅಂದೇ ಮೊದಲ ಚಿತ್ರ ಬರೆದಳು. ಆಮೇಲೆ ಗುರು ಮೇಲೆ ಬಂದ, ಪಕ್ಕದಲ್ಲಿ ನಾಲ್ಕು ಚಂದ್ರರು. 1610ರಲ್ಲಿ ಗೆಲಿಲಿಯೋ ಕಂಡ ಅದೇ ನಾಲ್ಕು.

ಉಲ್ಕೆಗಳಿಗೆ ದೂರದರ್ಶಕ ಬೇಡ. ಬೆನ್ನ ಮೇಲೆ ಮಲಗಿ ಕಣ್ಣು ತೆರೆದಿದ್ದರೆ ಸಾಕು. ಹೆಚ್ಚಿನ ಉಲ್ಕಾಮಳೆಗಳು ಧೂಮಕೇತು ಬಿಟ್ಟ ದೂಳಿನವು. ಜೆಮಿನಿಡ್ ಫೇಥಾನ್ ಅನ್ನುವ ಕ್ಷುದ್ರಗ್ರಹದ್ದು, 1983ರಲ್ಲಿ ಕಂಡುಹಿಡಿದದ್ದು. ಆ ದೂಳು ಸೆಕೆಂಡಿಗೆ 35 ಕಿಲೋಮೀಟರ್ ವೇಗದಲ್ಲಿ ನಮ್ಮ ಗಾಳಿಗೆ ನುಗ್ಗಿ ಉರಿಯುತ್ತದೆ. ಆವತ್ತು ಗುರು ನಿಂತಿದ್ದ ಮಿಥುನ ರಾಶಿಯ ಕಡೆಯಿಂದಲೇ ಎಲ್ಲವೂ ಚಿಮ್ಮಿದಂತೆ ಕಾಣುತ್ತಿತ್ತು.

ಎಣಿಸುವುದಕ್ಕೆ ನಿಯಮ ಇದೆ. ಒಬ್ಬೊಬ್ಬರ ಲೆಕ್ಕ ಬೇರೆ ಬೇರೆ. ಪಕ್ಕದವರು "ಅಗೋ" ಅಂದದ್ದನ್ನು ನೀವು ನೋಡದಿದ್ದರೆ ಬರೆಯುವಂತಿಲ್ಲ. ಶುರು ಮಾಡಿದ ಹೊತ್ತು, ಮುಗಿಸಿದ ಹೊತ್ತು, ಆಕಾಶದ ಎಷ್ಟು ಭಾಗ ಮರದಿಂದ ಮುಚ್ಚಿದೆ, ಕಣ್ಣಿಗೆ ಕಾಣುವ ತೀರಾ ಮಂಕು ನಕ್ಷತ್ರ ಯಾವುದು, ಇವೂ ಬೇಕು. ಇಷ್ಟು ಬರೆದು ಕಳಿಸಿದರೆ ಅಂತರರಾಷ್ಟ್ರೀಯ ಉಲ್ಕಾ ಸಂಸ್ಥೆ ಅದನ್ನು ತೆಗೆದುಕೊಳ್ಳುತ್ತದೆ. ಪ್ರಪಂಚದ ಎಲ್ಲ ಕಡೆಯ ಹವ್ಯಾಸಿಗಳ ಲೆಕ್ಕ ಸೇರಿಸಿ ಉಲ್ಕಾಮಳೆ ಯಾವಾಗ ಎಷ್ಟು ಜೋರಿತ್ತು ಅಂತ ತಿಳಿಯುತ್ತಾರೆ. ಇದು ಆಟವಲ್ಲ, ನಿಜವಾದ ಕೆಲಸ ಅಂತ ಗೊತ್ತಾದ ಮೇಲೆ ಮಕ್ಕಳು ಮಾತು ನಿಲ್ಲಿಸಿದರು. ಹುಡುಗನೊಬ್ಬ ಹತ್ತು ನಿಮಿಷ ಏನೂ ಕಾಣದೆ, ಸೊನ್ನೆ ಬರೆಯಲು ನಾಚಿಕೊಂಡ. ಸೊನ್ನೆಯೂ ಲೆಕ್ಕವೇ, ಬರಿ ಅಂದೆ.

ಮಾಟುಂಗಾದಲ್ಲಿ ಟಿಫಿನ್ ಸರ್ವಿಸ್ ನಡೆಸುವ ತಾಯಿಯೊಬ್ಬರು ಮಗಳ ಜೊತೆ ಬಂದಿದ್ದರು. ಕುಂದಾಪುರದ ಕಡೆಯವರು. ಚಿಕ್ಕವರಿದ್ದಾಗ ಅಂಗಳದಲ್ಲಿ ಮಲಗಿ ಕೃತ್ತಿಕೆ ಗುರುತಿಸುತ್ತಿದ್ದರಂತೆ. ಮುಂಬಯಿಗೆ ಬಂದ ಮೇಲೆ ಬೆಳಗಿನ ಜಾವ ನಾಲ್ಕಕ್ಕೆ ಏಳುತ್ತಾರೆ, ಆದರೆ ಏಳುವುದು ಚಪಾತಿ ಹಿಟ್ಟಿಗೆ. ಅಂದು ಎಲ್ಲರಿಗಿಂತ ಜಾಸ್ತಿ ಉಲ್ಕೆ ಎಣಿಸಿದವರು ಅವರೇ. ಮಗಳು ಅಮ್ಮನ ಹಾಳೆಯನ್ನು ಎಲ್ಲರಿಗೂ ತೋರಿಸಿದಳು.

ಭಾನುವಾರ: ಲೋಕಲ್ಲಿನಲ್ಲಿ

ಬೆಳಗಿನ ಲೋಕಲ್ ಖಾಲಿ ಇತ್ತು. ಹೊತ್ತುಗಳನ್ನೆಲ್ಲ ವಿಶ್ವಕಾಲಕ್ಕೆ ಬದಲಾಯಿಸಬೇಕು, ಅಂದರೆ ನಮ್ಮ ಗಡಿಯಾರದಿಂದ ಐದೂವರೆ ಗಂಟೆ ಕಳೆಯಬೇಕು. ಬದಲಾಪುರ ದಾಟುವಾಗ ಶುರು ಮಾಡಿ ಠಾಣೆ ಬರುವಷ್ಟರಲ್ಲಿ ಹಾಳೆಗಳು ಸಿದ್ಧವಾದವು. ಮೊಬೈಲಿನಲ್ಲೇ ಒಂದೊಂದಾಗಿ ತುಂಬಿ ಕಳಿಸಿದೆವು.

ಮಕ್ಕಳು ಮುಂದಿನದನ್ನು ಕೇಳಿದರು. ಒಂಬತ್ತನೇ ಕ್ಲಾಸಿನವರಿಗೆ ಇಸ್ರೋದ ಯುವಿಕಾ ಇದೆ, ಆಯ್ಕೆಯಾದರೆ ಬೇಸಿಗೆ ರಜೆಯಲ್ಲಿ ಅವರ ಕೇಂದ್ರಗಳಲ್ಲೇ ಇದ್ದು ಕಲಿಯಬಹುದು. ಲೆಕ್ಕದಲ್ಲಿ ಗಟ್ಟಿ ಇರುವವರಿಗೆ ಖಗೋಳ ಒಲಿಂಪಿಯಾಡ್. ಅದನ್ನು ನಡೆಸುವುದು ನಮ್ಮ ಮಾನಖುರ್ದಿನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ. 2025ರ ಆಗಸ್ಟ್‌ನಲ್ಲಿ ಅಂತರರಾಷ್ಟ್ರೀಯ ಸ್ಪರ್ಧೆಯೇ ಮುಂಬಯಿಯಲ್ಲಿ ಆಯಿತು, 60ಕ್ಕೂ ಹೆಚ್ಚು ದೇಶಗಳ ಮಕ್ಕಳು ಬಂದಿದ್ದರು. ನಮ್ಮ ಮಕ್ಕಳಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಹಾರ್ಬರ್ ಲೈನಿನಲ್ಲಿ ದಿನಾ ಅದರ ಮುಂದೆ ಹೋಗುವವರೂ ಅವರಲ್ಲಿದ್ದಾರೆ.

ದಾದರ್ ಹತ್ತಿರ ಬಂದಾಗ ಶೆಟ್ರು, "ಟೀಚರೇ, ನಮ್ಮ ಹೋಟೆಲಿನ ಟೆರೇಸು ಸುಮ್ನೆ ಬಿದ್ದುಕೊಂಡಿದೆ. ಅಲ್ಲಿಗೇ ದುರ್ಬೀನು ತನ್ನಿ" ಅಂದರು. 2026ರ ಜನವರಿ 10ಕ್ಕೆ ಗುರು ಸೂರ್ಯನಿಗೆ ಸರಿಯಾಗಿ ಎದುರು ಬರುವುದಿತ್ತು, ಶನಿವಾರ ಬೇರೆ. ಮುಂಬಯಿಯ ಎಷ್ಟೇ ದೀಪದ ನಡುವೆಯೂ ಗುರು ಮತ್ತು ಅದರ ಚಂದ್ರರು ಕಾಣುತ್ತಾರೆ. ಸಂಜೆ ಎಂಟರಿಂದ ಹನ್ನೊಂದರವರೆಗೆ ಅಂತ ಅಲ್ಲೇ ಗೊತ್ತುಮಾಡಿದೆವು. ತೋರಿಸುವುದು ಮಕ್ಕಳೇ. ಕಾಫಿ ಶೆಟ್ರದು. ಮಾಟುಂಗಾ ಕಡೆಯವರು ಮಕ್ಕಳನ್ನೂ ಅಜ್ಜ ಅಜ್ಜಿಯರನ್ನೂ ಕರೆದುಕೊಂಡು ಬರಲಿ ಅಂತ ನಮ್ಮ ಆಸೆಯಾಗಿತ್ತು.